ಶುಕ್ರವಾರದ ಏಕಾದಶಿ

ಗುರುವಾರ ಸಂಜೆ ನಮ್ಮವರು ಫ್ಯಾಕ್ಟರಿಯಿಂದ ಮನೆಗೆ ಬರುವ ಹೊತ್ತಿಗೆ ನಾನು ಪುಳಿಯೋಗರೆ ಗೊಜ್ಜನ್ನು ಒಲೆಯಿಂದ ಇಳಿಸಿ ಆರಲು ಇಟ್ಟಿದ್ದೆ. ಏಪ್ರಿಲ್ ತಿಂಗಳು. ಮದರಾಸಿನ ತ್ರಿಪ್ಲಿಕೇನಿನ ನಮ್ಮ ಮಹಡಿ ಮನೆಯಲ್ಲಿ ಅಡುಗೆಮನೆಗೆ ಒಂದೇ ಕಿಟಕಿ, ಅದೂ ಪಕ್ಕದ ಮೆಸ್ಸಿನ ಗೋಡೆಗೆ ಮುಖ ಮಾಡಿತ್ತು. ಬೆಳಿಗ್ಗೆ ನೀರಿನ ಲಾರಿ ಬಂದಿತ್ತು, ಎಂಟು ಕೊಡ ಹಿಡಿದು ಮೆಟ್ಟಿಲು ಹತ್ತಿಸಿದ್ದೆ. ಮರುದಿನ ಊರಿಗೆ ಹೊರಡುವವರಿಗೆ ಎಂಟು ಕೊಡ ನೀರು ಯಾಕೆ ಎಂದು ಕೆಳಮನೆಯವರು ಕೇಳಿದ್ದರು. ಬಂದ ನೀರು ಬಿಡುವುದಕ್ಕಾಗುತ್ತದೆಯೇ ಎಂದಿದ್ದೆ.

ಅವರು ಬಂದವರು ಕೈಕಾಲು ತೊಳೆದು, ಅಂಗಿಯ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನಗೂ ಮಗಳಿಗೂ ತೋರಿಸಿದರು. ಅಂಬತ್ತೂರಿನ ಫ್ಯಾಕ್ಟರಿಯಲ್ಲಿ ಅವರ ಜೊತೆ ಸ್ಟೋರ್ಸ್‌ನಲ್ಲಿದ್ದ ಸೇಲಂ ಕಡೆಯವರೊಬ್ಬರು ದಾರಿ ಬರೆದುಕೊಟ್ಟಿದ್ದರು. ಚೆಂಗಲ್ಪಟ್ಟು, ತಿಂಡಿವನಂ, ವಿಳುಪ್ಪುರಂ, ಉಳುಂದೂರುಪೇಟೆ, ಕಳ್ಳಕುರಿಚಿ, ಆತ್ತೂರು, ಸೇಲಂ, ಅಲ್ಲಿಂದ ಬೆಟ್ಟ ಹತ್ತಿದರೆ ಯೇರ್ಕಾಡು. ಪ್ರತಿ ಊರಿನ ಮುಂದೆ ತಲುಪುವ ಹೊತ್ತನ್ನು ಇವರು ತಮ್ಮ ಕೈಯಲ್ಲೇ ಪೆನ್ಸಿಲಿನಿಂದ ಬರೆದಿದ್ದರು. ಯೇರ್ಕಾಡಿನ ಮುಂದೆ ಮಧ್ಯಾಹ್ನ ಮೂರು ಗಂಟೆ ಎಂದಿತ್ತು.

ಆಮೇಲೆ ಕೆಳಗಿನ ಎಸ್‌ಟಿಡಿ ಬೂತಿಗೆ ಹೋಗಿ ಹುಬ್ಬಳ್ಳಿಯಲ್ಲಿದ್ದ ಅಣ್ಣನಿಗೆ ಫೋನು ಮಾಡಿ ಬಂದರು. ಎಲ್ಲ ರಾತ್ರಿಯೇ ಹೊರಡುತ್ತಾರಂತೆ ಎಂದಷ್ಟೇ ಹೇಳಿದರು. ಹಾಲ್‌ನ ಗೋಡೆಯಲ್ಲಿ ಜವಳಿ ಅಂಗಡಿಯವರು ಕೊಟ್ಟ ತಮಿಳು ಕ್ಯಾಲೆಂಡರ್ ಇತ್ತು, ದಿನಕ್ಕೊಂದು ಹಾಳೆ ಹರಿಯುವಂಥದ್ದು. ಅವರು ಅದರ ಮುಂದೆ ನಿಂತು ಮರುದಿನದ ಹಾಳೆಯನ್ನು ಬೆರಳಿನಿಂದ ಎತ್ತಿ ನೋಡಿದರು. ಶುಕ್ರವಾರದ ರಾಹುಕಾಲ ನೋಡುತ್ತಿದ್ದಾರೆ ಅಂದುಕೊಂಡೆ. ಐದು ಗಂಟೆಗೆ ಹೊರಡುವವರಿಗೆ ಹತ್ತೂವರೆಯ ರಾಹುಕಾಲ ಯಾಕೆ ಎಂದು ನಾನು ಕೇಳಲೂ ಇಲ್ಲ.

ತಟ್ಟೆ ಹಾಕಿದಾಗ ಅನ್ನ ಬೇಡ ಎಂದರು.

"ನಾಲ್ಕಕ್ಕೆ ಏಳ್ಬೇಕು ಕಣೇ. ಹೊಟ್ಟೆ ಹಗುರ ಇರ್ಲಿ, ಮಜ್ಜಿಗೆ ಸಾಕು."

"ನಿಮ್ಮಕ್ಕನ ಕೈಯಡುಗೆಗೆ ಈಗಿಂದ್ಲೇ ಜಾಗ ಮಾಡ್ತಿದೀರಾ?"

"ಹೂಂ ಮತ್ತೆ. ಜಾಗ ಬೇಡ್ವೇ?" ಎಂದು ನಕ್ಕರು.

ಒಂದು ಲೋಟ ಮಜ್ಜಿಗೆ ಕುಡಿದರು. ರಾತ್ರಿಯ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅದಕ್ಕೆ ಮೊದಲೇ ನಾನು ಕೊಟ್ಟಾಗಿತ್ತು. ಮಗಳು ಒಂಬತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿದ ಖುಷಿಯಲ್ಲಿ ಕಾರಿನ ಟೇಪ್‌ರೆಕಾರ್ಡರಿಗೆ ಯಾವ ಕ್ಯಾಸೆಟ್ಟು ಒಯ್ಯಬೇಕು ಎಂದು ಆರಿಸುತ್ತ ಕೂತಿದ್ದಳು. ನಮ್ಮ ಮನೆಯ ಕೊನೆಯ ಮಾಮೂಲು ದಿನ ಹೀಗೆ ಮುಗಿಯಿತು. ಅದರಲ್ಲಿ ವಿಶೇಷವೆಂದು ಹೇಳುವಂಥದ್ದು ಏನೂ ಇರಲಿಲ್ಲ.

ನಾವು ಹೊರಟಿದ್ದು ಟೈಮ್‌ಶೇರ್ ಮನೆಗೆ. ಆ ಪದವನ್ನು ನಾನು ಮೊದಲು ಕೇಳಿದ್ದು ಇದಕ್ಕೆ ಐದಾರು ವರ್ಷ ಹಿಂದೆ, ಎಗ್ಮೋರಿನ ಒಂದು ಹೋಟೆಲಿನಲ್ಲಿ. ಗಂಡ ಹೆಂಡತಿ ಇಬ್ಬರೂ ಬಂದರೆ ಮಾತ್ರ ಪ್ರವೇಶ, ಚಹಾ ಕೊಡುತ್ತಾರೆ, ಒಂದು ಹಾಟ್‌ಬಾಕ್ಸ್ ಉಡುಗೊರೆ ಎಂದು ಯಾರೋ ಚೀಟಿ ಕೊಟ್ಟಿದ್ದರು. ನಾನು ಹಾಟ್‌ಬಾಕ್ಸಿಗಾಗಿ ಹೋದೆ. ಟೈ ಕಟ್ಟಿದ ಹುಡುಗನೊಬ್ಬ ಬೆಟ್ಟದ ಮೇಲಿನ ಮನೆಯ ಚಿತ್ರ ತೋರಿಸಿ, ವರ್ಷಕ್ಕೆ ಒಂದು ವಾರ ಈ ಮನೆ ನಿಮ್ಮದು, ಉಳಿದ ವಾರಗಳು ಬೇರೆಯವರದ್ದು ಎಂದು ವಿವರಿಸಿದ. ನನಗೆ ಅದು ವಿಚಿತ್ರವಾಗಿ ಕಂಡಿತು. ಇವರು ಕೇಳಿದ್ದು ಎರಡೇ ಪ್ರಶ್ನೆ. ಅಲ್ಲಿ ನಾವೇ ಅಡುಗೆ ಮಾಡಿಕೊಳ್ಳಬಹುದೇ, ಹನ್ನೆರಡು ಜನ ನೆಲದ ಮೇಲೆ ಸಾಲಾಗಿ ಕೂರುವಷ್ಟು ಹಾಲ್ ಇದೆಯೇ. ಹುಡುಗ ಎರಡಕ್ಕೂ ಹೌದೆಂದ. ಇವರು ಅಲ್ಲೇ ರುಜು ಹಾಕಿದರು.

ವಾಪಸ್ಸು ಬಸ್ಸಿನಲ್ಲಿ ನಾನು ಮುನಿಸಿಕೊಂಡು ಕೂತಿದ್ದೆ. ಅವರೇ ಹೇಳಿದರು. ನಮ್ಮತ್ತೆ ಮೈಸೂರಿನ ಬಾಡಿಗೆ ಮನೆಯಲ್ಲಿ ತೀರಿಕೊಂಡ ಮೇಲೆ ಆ ಮನೆ ಬಿಟ್ಟುಕೊಟ್ಟಾಗಿತ್ತು. ಅಲ್ಲಿಂದ ಇತ್ತ ಅಣ್ಣ, ಅಕ್ಕ, ಇವರು ಮೂವರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡಿರಲಿಲ್ಲ. ಮದುವೆಮನೆಗಳಲ್ಲಿ ಸಿಕ್ಕಿದ್ದರು, ಆದರೆ ಅಲ್ಲಿ ಒಬ್ಬರು ಬಡಿಸಲು ನಿಂತರೆ ಇನ್ನೊಬ್ಬರು ಬಸ್ಸಿಗೆ ಓಡುತ್ತಿದ್ದರು. ಹುಬ್ಬಳ್ಳಿಯ ಅಣ್ಣನದು ಬ್ಯಾಂಕ್ ಕ್ವಾರ್ಟರ್ಸು, ಮೈಸೂರಿನ ಅಕ್ಕನದು ಎರಡು ರೂಮು, ನಮ್ಮದು ಈ ಮಹಡಿ. ಮೂವರೂ ಸೇರಲು ಒಂದು ಜಾಗವೇ ಇಲ್ಲ ಕಣೇ, ವರ್ಷಕ್ಕೆ ಒಂದು ವಾರವಾದರೂ ಇರಲಿ ಎಂದರು.

ಆದರೆ ಆ ವಾರ ಕೂಡಿಬರಲಿಲ್ಲ. ನಮಗೆ ವಾರ ಸಿಕ್ಕಿದಾಗ ಬ್ಯಾಂಕಿನಲ್ಲಿ ಆಡಿಟ್, ಆಡಿಟ್ ಇಲ್ಲದಾಗ ಅಕ್ಕನ ಮಗಳ ಬಾಣಂತನ. ವರ್ಷಗಳು ಹಾಗೇ ಹೋದವು. ಭಾವನವರು, ಅಂದರೆ ಹುಬ್ಬಳ್ಳಿಯ ಅಣ್ಣ, ರಿಟೈರ್ ಆದ ಮೇಲೆ, ಹೊಸ ಶತಮಾನ ಬಂದು ಎರಡು ಮೂರು ವರ್ಷವಾದಾಗ, ಮೊದಲ ಸಲ ಮೂರೂ ಮನೆಯವರು ಒಪ್ಪಿದರು. ಶುಕ್ರವಾರ ಮಧ್ಯಾಹ್ನದಿಂದ ಮುಂದಿನ ಶುಕ್ರವಾರದವರೆಗೆ.

ಇಲ್ಲಿ ಏಕಾದಶಿಯ ವಿಷಯ ಹೇಳಬೇಕು. ನಮ್ಮದು ಮಾಧ್ವರ ಮನೆ. ಅವರು ಮದರಾಸಿಗೆ ಬಂದು ಇಪ್ಪತ್ತೈದು ವರ್ಷವಾದರೂ ಏಕಾದಶಿ ಉಪವಾಸ ಬಿಟ್ಟವರಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಬೈದಿದ್ದರು. ಆಮೇಲೆ ನಮ್ಮಲ್ಲಿ ಒಂದು ಏರ್ಪಾಡಾಯಿತು. ಏಕಾದಶಿಯಂದು ಅವರು ಅನ್ನ ಬಿಟ್ಟು ಹಾಲು ಹಣ್ಣು ತಿನ್ನುವುದು, ಆ ದಿನ ಮಾತ್ರೆ ನುಂಗದೇ ಇರುವುದು. ಮಾತ್ರೆ ಕೊಡುವವಳು ನಾನು. ಅವರಿಗೆ ಮರೆವು, ಅದಕ್ಕೆ ಮಾತ್ರೆಗಳನ್ನು ನಾನೇ ಇಟ್ಟುಕೊಂಡು ಹೊತ್ತು ಹೊತ್ತಿಗೆ ಕೈಗೆ ಹಾಕುತ್ತಿದ್ದೆ. ಏಕಾದಶಿ ಎಂದು ನೋಡಿ ನಿಲ್ಲಿಸುವವಳೂ ನಾನೇ.

ನಾನು ನೋಡುತ್ತಿದ್ದುದು ನಮ್ಮ ಮಠದ ಪಂಚಾಂಗ. ಯುಗಾದಿಗೆ ಮೊದಲು ಪ್ರತಿ ವರ್ಷ ಅಂಚೆಯಲ್ಲಿ ಬರುತ್ತಿತ್ತು. ಅದರ ಪ್ರಕಾರ ಆ ಸಲ ಶುಕ್ರವಾರ ಬೆಳಗಿನ ಜಾವಕ್ಕೆ ಇನ್ನೂ ದಶಮಿಯ ಸೋಂಕು ಇದ್ದುದರಿಂದ ಉಪವಾಸ ಶನಿವಾರ. ತಮಿಳು ಕ್ಯಾಲೆಂಡರಿನಲ್ಲಿ ಶುಕ್ರವಾರ ಏಕಾದಶಿ ಎಂದಿತ್ತು. ವರ್ಷಕ್ಕೆ ನಾಲ್ಕೈದು ಸಲ ಹೀಗೆ ವ್ಯತ್ಯಾಸ ಬರುತ್ತಿತ್ತು, ಮಠದಿಂದ ಮಠಕ್ಕೂ ಬರುತ್ತಿತ್ತು. ನಾವು ಕ್ಯಾಲೆಂಡರನ್ನು ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಶನಿವಾರಕ್ಕೆಂದು ನಾನು ಬಾಳೆಹಣ್ಣು, ಖರ್ಜೂರ ಬೇರೆಯಾಗಿ ಕಟ್ಟಿಟ್ಟಿದ್ದೆ.

ಶುಕ್ರವಾರ ಬೆಳಿಗ್ಗೆ ಐದೂಕಾಲಿಗೆ ಬಾಡಿಗೆ ಅಂಬಾಸಿಡರ್ ಬಂತು. ಡ್ರೈವರು ಐವತ್ತರ ಹತ್ತಿರದವರು, ಹಣೆಗೆ ವಿಭೂತಿ, ಮಾತು ಕಡಿಮೆ. ಇವರು ಮುಂದೆ ಕೂತರು, ನಾನು ಮಗಳು ಹಿಂದೆ. ತಾಂಬರಂ ದಾಟುವಾಗ ಬೆಳಕಾಯಿತು. ಏಳೂವರೆಗೆ ನಾನು ಹಿಂದಿನಿಂದ ಕೈ ಚಾಚಿ ಮಾತ್ರೆ ಕೊಟ್ಟೆ. ತಿಂಡಿಗೆ ಅರ್ಧ ಗಂಟೆ ಮೊದಲು ಅದನ್ನು ನುಂಗಬೇಕು.

ಅವರು ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. ನೀರಿನ ಬಾಟಲು ಬೇಕೇನೋ ಎಂದು ನಾನು ಅದನ್ನೂ ಮುಂದಕ್ಕೆ ಕೊಟ್ಟೆ. ಆಗ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

ಮಧುರಾಂತಕದ ಕೆರೆ ಏರಿಯ ಹತ್ತಿರ ಕಾರು ನಿಲ್ಲಿಸಿದೆವು. ಬಾಳೆಲೆಯಲ್ಲಿ ಕಟ್ಟಿದ ಪುಳಿಯೋಗರೆಯನ್ನು ಎಲ್ಲರಿಗೂ ಒಂದೊಂದು ಕೊಟ್ಟೆ. ಡ್ರೈವರು ತಮ್ಮದನ್ನು ಬಾನೆಟ್ಟಿನ ಮೇಲಿಟ್ಟು ತಿಂದರು. ಇವರು ಕಾಲು ಆಡಿಸಿ ಬರುತ್ತೇನೆಂದು ತಮ್ಮ ಪೊಟ್ಟಣ ಹಿಡಿದುಕೊಂಡು ಏರಿಯ ಮೇಲೆ ಹೋದರು. ಬರುವಾಗ ಕೈ ಒದ್ದೆಯಾಗಿತ್ತು, ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತ ಬಂದರು. ಗೊಜ್ಜು ಹೇಗಿತ್ತು ಎಂದು ಕೇಳಿದೆ. ಚೆನ್ನಾಗಿತ್ತು ಎಂದರು.

ತಿಂಡಿವನಂ ಹತ್ತಿರ ಮಗಳು ಮುಂದಕ್ಕೆ ಬಾಗಿ ಕ್ಯಾಸೆಟ್ಟಿನ ಸದ್ದು ಜಾಸ್ತಿ ಮಾಡಿದಳು. ಅವರು ಹಿಂದಕ್ಕೆ ತಿರುಗಿ ಅವಳಿಗೆ ಬಹಳ ಕೆಟ್ಟದಾಗಿ ಬೈದರು. ಯಾವತ್ತೂ ಅವಳಿಗೆ ಹಾಗೆ ಬೈದವರಲ್ಲ. ಕೈ ಸಣ್ಣಗೆ ನಡುಗುತ್ತಿತ್ತು. ಮಗಳು ಕಿಟಕಿ ಕಡೆ ಮುಖ ತಿರುಗಿಸಿಕೊಂಡಳು. ಮೂರು ಮನೆಯವರನ್ನು ಕೂಡಿಸುವ ಒತ್ತಡ, ಅದಕ್ಕೆ ಹೀಗೆ ಎಂದು ನಾನು ಅವಳ ಕಿವಿಯಲ್ಲಿ ಸಮಾಧಾನ ಹೇಳಿದೆ. ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಮ್ಮೆಲ್ಲರ ಬೆನ್ನೂ ಒದ್ದೆಯೇ. ಕಾರಿನೊಳಗೆ ಬೀಸುತ್ತಿದ್ದುದು ಬಿಸಿಗಾಳಿ.

ವಿಳುಪ್ಪುರಂ ಆದ ಮೇಲೆ ಅವರ ತಲೆ ಒಂದು ಕಡೆಗೆ ವಾಲಿತು. ನಾಲ್ಕಕ್ಕೆ ಎದ್ದವರು, ನಿದ್ದೆ ಹತ್ತಿದೆ ಎಂದುಕೊಂಡೆವು. ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿ, ಸಾರ್ ತೂಂಗರಾರ್, ಮಲಗಿದ್ದಾರೆ ಎಂದು ಪಿಸುಗುಟ್ಟಿ ಕ್ಯಾಸೆಟ್ಟು ನಿಲ್ಲಿಸಿದರು. ಉಳುಂದೂರುಪೇಟೆಯಲ್ಲಿ ಡೀಸೆಲ್ ಹಾಕಿಸುವಾಗ ಮಗಳು ಅಪ್ಪನನ್ನು ಎಬ್ಬಿಸಲಾ, ಟೀ ಕುಡಿಯುತ್ತಾರೇನೋ ಎಂದು ಕೇಳಿದಳು.

"ಬೇಡ ಬಿಡು, ಮಲಗ್ಲಿ. ಎದ್ರೆ ಮತ್ತೆ ಬೈತಾರೆ" ಎಂದೆ.

ಕುತ್ತಿಗೆ ನೋಯದಿರಲೆಂದು ಒಂದು ಟವಲನ್ನು ಮಡಿಸಿ ಅವರ ತಲೆಯ ಕೆಳಗೆ ಇಟ್ಟೆ. ಹಣೆ ತಣ್ಣಗಿತ್ತು. ಗಾಳಿ ತಾಗಿ ತಣ್ಣಗಾಗಿದೆ ಎಂದುಕೊಂಡೆ. ಅಲ್ಲಿಂದ ಕಳ್ಳಕುರಿಚಿ, ಕಳ್ಳಕುರಿಚಿಯಿಂದ ಆತ್ತೂರು. ಎರಡು ಗಂಟೆಗೂ ಹೆಚ್ಚು ಹೊತ್ತು ನಾವು ಮೂವರೂ ಸದ್ದು ಮಾಡದೆ ಅವರ ನಿದ್ದೆ ಕಾಯ್ದೆವು. ಗುಂಡಿ ಬಂದಲ್ಲೆಲ್ಲ ಡ್ರೈವರು ಕಾರನ್ನು ನಿಧಾನ ಮಾಡಿದರು.

ಆತ್ತೂರಿನಲ್ಲಿ ಊಟಕ್ಕೆ ನಿಲ್ಲಿಸಿ ಎಬ್ಬಿಸಲು ಹೋದಾಗ ಅವರು ಏಳಲಿಲ್ಲ. ಬಾಯಿಯ ಅಂಚಿನಿಂದ ಜೊಲ್ಲು ಇಳಿದಿತ್ತು. ಉಸಿರು ಗೊರಗೊರ ಎನ್ನುತ್ತಿತ್ತು. ಹೋಟೆಲಿನವರೇ ಪಕ್ಕದ ಬೀದಿಯ ನರ್ಸಿಂಗ್ ಹೋಮ್ ತೋರಿಸಿದರು. ಅಲ್ಲಿ ಬೆರಳು ಚುಚ್ಚಿ ನೋಡಿದ ಡಾಕ್ಟರಮ್ಮ ಕೂಡಲೇ ಗ್ಲೂಕೋಸ್ ಏರಿಸಿದರು. ಸಕ್ಕರೆ ತೀರಾ ಇಳಿದುಹೋಗಿದೆ, ಎಷ್ಟು ಹೊತ್ತಿನಿಂದ ಹೀಗಿದ್ದಾರೆ ಎಂದು ತಮಿಳಿನಲ್ಲಿ ಕೇಳಿದರು. ಮಲಗಿದ್ದಾರೆ ಎಂದುಕೊಂಡಿದ್ದೆವು ಎಂದೆ. ಮಾತ್ರೆ ಕೊಟ್ಟು ಊಟ ಕೊಡಲಿಲ್ಲವೇ ಎಂದರು. ಕೊಟ್ಟೆ, ಎಂಟು ಗಂಟೆಗೆ ಪುಳಿಯೋಗರೆ ತಿಂದರು, ನಾನೇ ಕಟ್ಟಿಕೊಟ್ಟದ್ದು ಎಂದೆ. ಆಕೆ ತಲೆಯಾಡಿಸಿ, ತಿಂದಿದ್ದರೆ ಇಷ್ಟು ಇಳಿಯುವುದಿಲ್ಲಮ್ಮ ಎಂದರು. ನಾನು ಆಕೆಯ ಜೊತೆ ವಾದ ಮಾಡಿದೆ. ನನ್ನ ಗಂಡ ತಿಂದದ್ದು ನನಗೆ ಗೊತ್ತಿಲ್ಲವೇ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಅಲ್ಲಿಂದ ಆಂಬುಲೆನ್ಸಿನಲ್ಲಿ ಸೇಲಂಗೆ. ಸೇಲಂನ ಆಸ್ಪತ್ರೆಯಲ್ಲಿ ಅವರನ್ನು ಒಳಗೆ ತೆಗೆದುಕೊಂಡ ಮೇಲೆ ನಾನು ಬೂತಿಗೆ ಹೋಗಿ, ಬುಕಿಂಗ್ ಕಾಗದದಲ್ಲಿದ್ದ ನಂಬರಿಗೆ ಯೇರ್ಕಾಡಿಗೆ ಫೋನು ಮಾಡಿದೆ. ಎತ್ತಿದವನು, ನೀವು ಮೆಂಬರ್ ಮನೆಯವರಾ, ನಿಮ್ಮ ಗೆಸ್ಟುಗಳು ಬೆಳಿಗ್ಗೆಯಿಂದ ಇಲ್ಲೇ ಇದ್ದಾರೆ, ಮೆಂಬರ್ ಬಂದು ರುಜು ಹಾಕದೆ ಬೀಗದಕೈ ಕೊಡುವ ಹಾಗಿಲ್ಲ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದ. ಅವನದು ತಪ್ಪಲ್ಲ. ಅದು ಅವರ ಕ್ರಮ. ನಾನು ಭಾವನವರನ್ನು ಕರೆಯಿರಿ ಎಂದೆ.

ಅವರೆಲ್ಲ ಅಷ್ಟು ಹೊತ್ತು ರಿಸೆಪ್ಷನ್ನಿನ ಬೆಂಚುಗಳ ಮೇಲೆ ಕೂತಿದ್ದರು ಎಂದು ಆಮೇಲೆ ತಿಳಿಯಿತು. ನಮ್ಮವರ ಅಕ್ಕ, ನನಗೆ ಅತ್ತಿಗೆ, ಮೈಸೂರಿನಿಂದ ಅಗಸೆ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಮರುದಿನ ಬೆಳಿಗ್ಗೆ ಅಡುಗೆಗೆ. ಮಧ್ಯೆ ಮಧ್ಯೆ ಎದ್ದು ಹೋಗಿ ನಲ್ಲಿಯಲ್ಲಿ ಬಟ್ಟೆ ನೆನೆಸಿ ಬರುತ್ತಿದ್ದರಂತೆ.

ಅವರು ಬೆಟ್ಟ ಇಳಿದು ಆಸ್ಪತ್ರೆಗೆ ಬಂದಾಗ ಐದು ಗಂಟೆ. ಭಾವನವರನ್ನು ಒಳಗೆ ಬಿಟ್ಟರು. ಹೊರಗೆ ಬಂದು ನನ್ನ ಎದುರಿನ ಬೆಂಚಿನಲ್ಲಿ ಕೂತರು. ಆರೂವರೆಗೆ ಹೋದರು ನಮ್ಮವರು. ಮೆದುಳಿಗೆ ಬಹಳ ಹೊತ್ತು ಸಕ್ಕರೆ ಸಿಕ್ಕಿಲ್ಲ, ಕೊನೆಗೆ ಹೃದಯವೂ ನಿಂತಿತು ಎಂದು ಅಲ್ಲಿನ ಡಾಕ್ಟರು ವಿವರಿಸಿದರು. ಮಗಳು, ಅಪ್ಪ ನನ್ನ ಮೇಲಿನ ಕೋಪದಲ್ಲೇ ಹೋದರಾ ಎಂದು ತಮಿಳಿನಲ್ಲಿ ಕೇಳಿದಳು. ಅತ್ತಿಗೆ ಅವಳನ್ನು ತಬ್ಬಿಕೊಂಡು ಕನ್ನಡದಲ್ಲಿ ಏನೇನೋ ಹೇಳಿದರು. ಅದು ಅವಳ ಕಿವಿಗೆ ಬಿತ್ತೋ ಇಲ್ಲವೋ.

ಶನಿವಾರ ಬೆಳಿಗ್ಗೆ ಸೇಲಂನಲ್ಲೇ ದಹನವಾಯಿತು. ಭಾವನವರ ಮಗ ಕೊಳ್ಳಿ ಇಟ್ಟ. ಅದಕ್ಕೆ ಮೊದಲು ಒಂದು ಸಂಗತಿ ನಡೆಯಿತು. ಆಸ್ಪತ್ರೆಯ ವರಾಂಡದಲ್ಲಿ ಭಾವನವರೂ ಅತ್ತಿಗೆಯೂ ಕೈಗೆ ಒಂದೊಂದು ಉದ್ಧರಣೆ ನೀರು ಹಾಕಿಕೊಂಡು ಕುಡಿದರು. ಏಕೆಂದು ನನಗೆ ಆಗ ಹೊಳೆಯಲಿಲ್ಲ. ಅದು ಪಾರಣೆ. ಏಕಾದಶಿ ಉಪವಾಸವಿದ್ದವರು ದ್ವಾದಶಿ ಬೆಳಿಗ್ಗೆ ಅದನ್ನು ಮುರಿಯಲೇಬೇಕು, ಊಟ ಸಾಧ್ಯವಿಲ್ಲದಿದ್ದರೆ ನೀರಾದರೂ ಸರಿ. ಅಂದರೆ ಅವರಿಗೆ ಏಕಾದಶಿ ಶುಕ್ರವಾರವೇ ಆಗಿತ್ತು. ನನ್ನ ಪಂಚಾಂಗದ ಪ್ರಕಾರ ಆ ಹೊತ್ತು ಇನ್ನೂ ಉಪವಾಸದ ದಿನ. ಹೇಗೂ ನಾನು ಏನೂ ತಿಂದಿರಲಿಲ್ಲ. ಅತ್ತಿಗೆಯ ಚೀಲದಲ್ಲಿ ಅಗಸೆ ಸೊಪ್ಪು ಕಪ್ಪಾಗಿ ಬಾಡಿ ವಾಸನೆ ಬರುತ್ತಿತ್ತು. ಯಾರೋ ತೆಗೆದು ಹೊರಗೆ ಎಸೆದರು.

ಕರ್ಮಗಳು ತ್ರಿಪ್ಲಿಕೇನಿನ ಮನೆಯಲ್ಲಿ ನಡೆದವು. ಬಂದವರೆಲ್ಲ ನನ್ನ ಬಳಿ ಒಂದೇ ಮಾತು ಹೇಳುತ್ತಿದ್ದರು: ನಿದ್ದೆಯಲ್ಲೇ ಹೋದರಂತೆ, ನರಳಲಿಲ್ಲವಂತೆ. ನಾನು ಹೂಂ ಎನ್ನುತ್ತಿದ್ದೆ. ಡಾಕ್ಟರಮ್ಮ ಹೇಳಿದ್ದು ಮಾತ್ರ ತಲೆಯಲ್ಲಿ ಕೂತಿತ್ತು. ತಿಂದ ಮನುಷ್ಯನಿಗೆ ಹೀಗಾಗುವುದಿಲ್ಲ ಎಂದಿದ್ದರು. ಗೊಜ್ಜು ಚೆನ್ನಾಗಿತ್ತು ಎಂದು ಇವರೂ ಹೇಳಿದ್ದರು. ಎರಡೂ ನಿಜವಾಗಿರಲು ಹೇಗೆ ಸಾಧ್ಯ ಎಂದು ಯೋಚಿಸುತ್ತಿದ್ದೆ.

ಹನ್ನೊಂದನೆಯ ದಿನ ಪಾರ್ಥಸಾರಥಿ ಗುಡಿಯ ಬೀದಿಯಲ್ಲಿದ್ದ ಹಿರಿಯರೊಬ್ಬರು ಮಾತಾಡಿಸಲು ಬಂದರು. ನಾನು ಒಳಗೆ ರೂಮಿನಲ್ಲಿದ್ದೆ, ಬಾಗಿಲು ತೆರೆದಿತ್ತು. ಹಾಲ್‌ನಲ್ಲಿ ಭಾವನವರು ಅವರಿಗೆ ಹೇಳುತ್ತಿದ್ದುದು ಕೇಳಿಸಿತು.

"ಏಕಾದಶಿ ಮರಣ, ದ್ವಾದಶಿ ದಹನ ಅಂತಾರಲ್ಲ ಸ್ವಾಮಿ, ನಮ್ಮ ಹುಡುಗನಿಗೆ ಹಾಗೇ ಆಯ್ತು. ಅದೂ ಉಪವಾಸದಲ್ಲಿ. ನೀರು ಬಿಟ್ಟು ಏನೂ ಮುಟ್ಟಿರ್ಲಿಲ್ಲ."

ಐವತ್ತೆರಡು ವರ್ಷದ ತಮ್ಮನನ್ನು ಅವರು ಆಗಲೂ ಹುಡುಗ ಎನ್ನುತ್ತಿದ್ದರು. ಬಂದ ಹಿರಿಯರು ಅಂಥ ಸಾವು ಪುಣ್ಯವಂತರಿಗೆ ಮಾತ್ರ ಎಂದರು. ಅವರು ಹೋದ ಮೇಲೆ ನಾನು ಬಾಗಿಲಿಗೆ ಬಂದು, ಉಪವಾಸ ಇರಲಿಲ್ಲ ಭಾವ, ನಮ್ಮ ಏಕಾದಶಿ ಶನಿವಾರವಿತ್ತು ಎಂದೆ.

ಭಾವನವರು ಆಗ ಹೇಳಿದರು. ಗುರುವಾರ ಸಂಜೆಯ ಫೋನಿನಲ್ಲಿ ಇವರು, ನಮಗೆ ಶನಿವಾರ ಏಕಾದಶಿ ಬಂದಿದೆ ಅಣ್ಣ, ನಿಮಗೆ ಯಾವತ್ತು ಎಂದು ಕೇಳಿದರಂತೆ. ಭಾವನವರು ಹುಬ್ಬಳ್ಳಿಗೆ ಹೋದ ಮೇಲೆ ಪಕ್ಕದ ಮಠದ ಪಂಚಾಂಗವನ್ನೇ ಅನುಸರಿಸುತ್ತಿದ್ದರು. ಅತ್ತಿಗೆಯದು ಅವರ ಗಂಡನ ಮನೆಯ ಲೆಕ್ಕ. ಇಬ್ಬರಿಗೂ ಶುಕ್ರವಾರ. ಶನಿವಾರ ಸೂರ್ಯೋದಯಕ್ಕೆ ಎಲ್ಲರಿಗೂ ದ್ವಾದಶಿ ಊಟ, ನಿನ್ನಕ್ಕ ಪಾರಣೆಗೆ ಅಗಸೆ ಸೊಪ್ಪು ತರುತ್ತಿದ್ದಾಳೆ ಎಂದು ಭಾವನವರು ಹೇಳಿದರು. ಇವರು, ಹಾಗಾದರೆ ನಾನೂ ಶುಕ್ರವಾರವೇ ಮುಗಿಸುತ್ತೇನೆ, ಇಲ್ಲಿನ ಕ್ಯಾಲೆಂಡರಿನಲ್ಲೂ ಶುಕ್ರವಾರ ಎಂದೇ ಇದೆ, ಇಷ್ಟು ವರ್ಷಕ್ಕೆ ಒಟ್ಟಿಗೆ ಕೂರುವಾಗ ನಾನೊಬ್ಬ ಬಾಳೆಹಣ್ಣು ಹಿಡಿದು ಕೂರುವುದೇ ಎಂದರಂತೆ. ಅವಳಿಗೆ ಹೇಳಬೇಡ, ಮಠದ ದಿನ ಬಿಟ್ಟೆ ಎಂದು ಜಗಳ ತೆಗೆಯುತ್ತಾಳೆ ಎಂದೂ ನಕ್ಕರಂತೆ.

ಜಗಳ ತೆಗೆಯುತ್ತಿದ್ದೆನೇನೋ. ಆದರೆ ಮಾತ್ರೆ ಕೊಡುತ್ತಿರಲಿಲ್ಲ.

ನಾನು ಆಗ ಅದನ್ನು ಭಾವನವರಿಗೆ ಹೇಳಲಿಲ್ಲ. ಅಡುಗೆಮನೆಗೆ ಹೋಗಿ ನಿಂತುಕೊಂಡೆ. ಗುರುವಾರ ರಾತ್ರಿಯ ಮಜ್ಜಿಗೆಯೂ ಆಗ ಅರ್ಥವಾಯಿತು. ದಶಮಿಯಂದು ಒಂದೇ ಹೊತ್ತು ಊಟ ಎನ್ನುವುದು ನಿಯಮ, ಸಕ್ಕರೆ ಕಾಯಿಲೆ ಬಂದ ಮೇಲೆ ನಾವು ಕೈಬಿಟ್ಟಿದ್ದು. ಅವರು ಅದನ್ನೂ ಪಾಲಿಸಿದ್ದರು. ಗುರುವಾರ ಮಧ್ಯಾಹ್ನ ಫ್ಯಾಕ್ಟರಿಯಲ್ಲಿ ಡಬ್ಬಿ ತಿಂದದ್ದೇ ಕೊನೆ. ಅದರ ಮೇಲೆ ರಾತ್ರಿ ಒಂದು ಮಾತ್ರೆ, ಬೆಳಿಗ್ಗೆ ಒಂದು. ಎರಡೂ ನನ್ನ ಕೈಯಿಂದ. ಉಪವಾಸ ಮಾಡುವ ದಿನ ಹಾಲು ಹಣ್ಣು ತಿನ್ನುವ ಏರ್ಪಾಡಿತ್ತಲ್ಲ, ಅದನ್ನೂ ಮಾಡುವ ಹಾಗಿರಲಿಲ್ಲ. ನನ್ನ ಎದುರು ಹಣ್ಣು ಕೇಳಿದರೆ ಗೊತ್ತಾಗಿಬಿಡುತ್ತಿತ್ತು. ಏರಿಯ ಮೇಲೆ ಆ ಪೊಟ್ಟಣವನ್ನು ಏನು ಮಾಡಿದರೋ. ಅಲ್ಲಿ ನಾಯಿಗಳಿದ್ದವು.

ಮಗಳನ್ನು ಓದಿಸಿದೆ. ಫ್ಯಾಕ್ಟರಿಯವರು ಕೊಟ್ಟ ಕೆಲಸ ಬೇಡವೆಂದು, ಹೊಲಿಗೆ ಕಲಿತಿದ್ದನ್ನೇ ಮುಂದುವರಿಸಿದೆ. ಟೈಮ್‌ಶೇರ್‌ನವರಿಂದ ವರ್ಷಕ್ಕೊಮ್ಮೆ ಕಾಗದ ಬರುತ್ತಿತ್ತು, ಈ ಸಲ ನಿಮಗೆ ಯಾವ ವಾರ ಬೇಕು ಎಂದು. ಬೇಡ, ರದ್ದು ಮಾಡಿ ಎಂದು ಮಗಳ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿದೆ. ರದ್ದು ಮಾಡಲು ಮೆಂಬರರ ರುಜು ಬೇಕು ಎಂದು ಉತ್ತರ ಬಂತು. ಇನ್ನೊಂದು ಕಾಗದ ಬರೆಸಿ ಮರಣದ ಸರ್ಟಿಫಿಕೇಟು ಇಟ್ಟು ಕಳಿಸಿದೆ. ಸಂತಾಪ ಸೂಚಿಸಿ, ನಿಮ್ಮ ಹೆಸರಿಗೆ ಬದಲಾಯಿಸಿದ್ದೇವೆ, ಯಾವ ವಾರ ಬೇಕು ಎಂದು ಬರೆದರು. ಆಮೇಲೆ ನಾನು ಉತ್ತರಿಸಲಿಲ್ಲ.

ಅವರು ಹೋದ ತಿಥಿ ಏಕಾದಶಿಯಾದ್ದರಿಂದ ನಮ್ಮಲ್ಲಿ ಆ ದಿನ ಶ್ರಾದ್ಧ ಮಾಡುವಂತಿಲ್ಲ. ದ್ವಾದಶಿಗೆ ಮಾಡುತ್ತೇವೆ. ಮೂರನೆಯ ವರ್ಷ ಭಾವನವರು ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿದಿದ್ದರು. ಆ ವರ್ಷ ಎಲ್ಲ ಪಂಚಾಂಗಗಳಿಗೂ ಏಕಾದಶಿ ಒಂದೇ ದಿನ. ಮಧ್ಯಾಹ್ನ, ಒಲೆ ಹಚ್ಚದ ಮನೆ, ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಭಾವನವರು ಬೀಸಣಿಗೆ ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ನಾನು ನೆಲದ ಮೇಲೆ ಕೂತು ಮರುದಿನಕ್ಕೆ ಎಳ್ಳು ಆರಿಸುತ್ತಿದ್ದೆ. ಆಗ ಹೇಳಿದೆ. ಡಾಕ್ಟರು ಹೇಳಿದ್ದು, ನಮ್ಮ ಏರ್ಪಾಡು, ಎರಡು ಮಾತ್ರೆ, ಎರಡು ಗಂಟೆ ಹೊತ್ತು ಎಬ್ಬಿಸದೆ ಬಿಟ್ಟದ್ದು, ಎಲ್ಲವನ್ನೂ ಹೇಳಿದೆ.

ಅವರು ಬೀಸಣಿಗೆ ನಿಲ್ಲಿಸಿದರು. ನನ್ನ ಮೇಲೆ ಕೋಪ ಬಂದಿದೆ, ಬರಲಿ ಎಂದುಕೊಂಡೆ. ಆ ಮೂರು ವರ್ಷ ಅವರು ಪುಣ್ಯದ ಸಾವು ಎಂದು ಹೇಳಿದಾಗಲೆಲ್ಲ ನನಗೆ ಎದ್ದು ಓಡಿಹೋಗಬೇಕು ಅನ್ನಿಸುತ್ತಿತ್ತು. ಇನ್ನಾದರೂ ಆ ಮಾತು ನಿಂತೀತು ಎಂಬ ಆಸೆಯೂ ನನಗಿತ್ತು.

"ಆ ದಿನ ಮಾತ್ರೆ ನಿಲ್ಲಿಸ್ಬೇಕು ಅನ್ನೋದು ಅವನಿಗೆ ಗೊತ್ತಿತ್ತೇನಮ್ಮ?" ಎಂದು ಕೇಳಿದರು.

"ಗೊತ್ತಿತ್ತು ಭಾವ. ಡಾಕ್ಟರು ಅವರ ಎದುರಿಗೇ ಹೇಳಿದ್ರು."

"ನನಗೆ ಹೇಳ್ಲಿಲ್ಲ ನೋಡು ಅವನು. ಮಾತ್ರೆ ವಿಷಯ ಹೇಳಿದ್ರೆ ನಾನು ಬೇಡ ಅಂತಿದ್ದೆ. ನಿನಗೆ ಉಪವಾಸ ಹೇಳಿದ್ರೆ ನೀನು ಬೇಡ ಅಂತಿದ್ದೆ." ಬೀಸಣಿಗೆಯನ್ನು ಕೆಳಗಿಟ್ಟು ಹೇಳಿದರು, "ನಾನು ಅವತ್ತು ಆಗ್ಲಿ ಕಣೋ, ಯಾವ ಏಕಾದಶಿಯಾದ್ರೇನು ಅಂದೆ. ಅಷ್ಟೇ ನಾನು ಅಂದದ್ದು."

ಅವರ ಕೈ ನಡುಗುತ್ತಿತ್ತು. ಎಪ್ಪತ್ತರ ಹತ್ತಿರದ ಮನುಷ್ಯ, ಉಪವಾಸ ಬೇರೆ. ನನಗೆ ಭಯವಾಗಿ ಎದ್ದು ಒಂದು ಲೋಟ ಹಾಲು ತಂದುಕೊಟ್ಟೆ. ಬೇಡ ಎನ್ನದೆ ಕುಡಿದರು. ಅವತ್ತಿನಿಂದ ಭಾವನವರು ಉಪವಾಸ ಮಾಡುವುದನ್ನು ಬಿಟ್ಟರು, ಪುಣ್ಯದ ಸಾವು ಎನ್ನುವುದನ್ನೂ ಬಿಟ್ಟರು. ಇದರಿಂದ ನನಗೆ ಸಮಾಧಾನವಾಯಿತು ಎಂದು ಹೇಳಲಾರೆ. ಆದರೆ ಗೊತ್ತಿರುವವರು ಇಬ್ಬರಾದೆವು. ಎರಡು ವರ್ಷದ ನಂತರ ಅವರೂ ತೀರಿಕೊಂಡರು. ಅತ್ತಿಗೆಗೆ ಈಗ ನೆನಪು ಸರಿಯಿಲ್ಲ. ಫೋನು ಮಾಡಿದಾಗ ತಮ್ಮ ಹೇಗಿದ್ದಾನೆ ಎಂದು ಕೇಳುತ್ತಾರೆ. ಮಲಗಿದ್ದಾರೆ ಎಂದು ಒಂದು ಸಲ ಬಾಯಿತಪ್ಪಿ ಹೇಳಿದೆ. ಆಮೇಲೆ ಹಾಗೆ ಹೇಳುವುದಿಲ್ಲ.

ಮಗಳಿಗೆ ಇದನ್ನೆಲ್ಲ ಕಳೆದ ವರ್ಷ ಹೇಳಿದೆ. ತಿಂಡಿವನಂನಲ್ಲಿ ನಿನ್ನಪ್ಪ ಬೈದದ್ದು ನಿನ್ನ ಮೇಲಿನ ಕೋಪದಿಂದಲ್ಲ, ಸಕ್ಕರೆ ಇಳಿದಾಗ ಹಾಗಾಗುತ್ತದಂತೆ ಎಂದೆ. ಅವಳು ತೆರಿಯುಂಮಾ ಎಂದಳು. ಗೊತ್ತು ಎಂದು. ತಾನೇ ಎಲ್ಲೋ ಓದಿ ತಿಳಿದುಕೊಂಡಿದ್ದಾಳೆ. ಎಷ್ಟು ವರ್ಷದ ಹಿಂದೆ ತಿಳಿದುಕೊಂಡ ವಿಷಯ ಎಂದು ನಾನು ಕೇಳಲಿಲ್ಲ, ಮಾತ್ರೆ ಕೊಟ್ಟವಳು ಯಾರೆಂದು ಅವಳು ಕೇಳಲಿಲ್ಲ.

ಅವರು ಆ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ಕೂತದ್ದು ಹೆಚ್ಚೆಂದರೆ ಅರ್ಧ ನಿಮಿಷ. ಉಪವಾಸದ ದಿನ ನುಂಗಬಾರದು ಎಂಬುದು ಆಗ ನೆನಪಿಗೆ ಬಂದಿತ್ತೋ ಇಲ್ಲವೋ. ಬಂದಿದ್ದರೆ, ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡರೋ, ನನ್ನ ಜೊತೆ ಜಗಳ ಬೇಡ ಎಂದುಕೊಂಡರೋ. ಅದನ್ನು ಹೇಳಬಲ್ಲವರು ಅವರೊಬ್ಬರೇ. ನನಗೆ ಗೊತ್ತಿಲ್ಲ.